ಅಪ್ಪ ಬಿಟ್ಟು ಹೋದ ನಲವತ್ತೊಂದು ದಿನ

ನಮ್ಮ ಚರ್ಚಿನ ಪಾನವರ್ಜನ ಸಂಘವನ್ನು ಊರಿನಲ್ಲಿ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಆಣೆ ಸಂಘ ಅಂದರೆ ಕಂಪಲಾಪುರದ ಬಸ್ ಕಂಡಕ್ಟರಿಗೂ ಗೊತ್ತು. ಈಚಲ ಹೆಂಡದ ಕಾಲದಲ್ಲಿ ಕುದುರೆ ಮೇಲೆ ಬರುತ್ತಿದ್ದ ಪರದೇಶದ ಪಾದ್ರಿಯೊಬ್ಬರು ಶುರುಮಾಡಿದ್ದಂತೆ. ಹೆಂಡ ಹೋಗಿ ಸಾರಾಯಿ ಬಂತು, ಸಾರಾಯಿ ಹೋಗಿ ಬ್ರಾಂದಿ ಅಂಗಡಿ ಬಂತು. ಸಂಘ ಮಾತ್ರ ಅಲ್ಲಾಡಲಿಲ್ಲ.

ವರ್ಷಕ್ಕೊಮ್ಮೆ ಬರುವ ಚರ್ಚಿನ ಹಬ್ಬದ ದಿನ ಸಂಜೆ ಪೂಜೆಯಲ್ಲಿ ಶಿಲುಬೆ ಮುಟ್ಟಿ, ಒಂದು ವರ್ಷ ಕುಡಿಯುವುದಿಲ್ಲ ಎಂದು ಆಣೆ ಮಾಡಬೇಕು. ಉಳಿಸಿಕೊಂಡವರ ಹೆಸರನ್ನು ಮುಂದಿನ ಹಬ್ಬಕ್ಕೆ ಫಾದರ್ ಗಟ್ಟಿಯಾಗಿ ಓದುತ್ತಾರೆ. ಆಣೆ ಮಾಡಿದವನು ನಡುವೆ ಸತ್ತರೆ ಉಳಿದ ದಿನಗಳನ್ನು ಮನೆಯವರೊಬ್ಬರು ಹೊರಬೇಕು. ಹೊತ್ತವರು ಒಂದು ಗುಟುಕು ಕುಡಿದರೂ ಸತ್ತವರ ಹೆಸರು ಓದುವಂತಿಲ್ಲ.

ಅಪ್ಪ ಮೂರು ಸಲ ಆಣೆ ಮಾಡಿ ಮೂರು ಸಲವೂ ಮುರಿದಿದ್ದರು. ಆ ಹಬ್ಬಗಳಲ್ಲೆಲ್ಲ ಅಮ್ಮ ಸೆರಗು ಮುಖಕ್ಕೆಳೆದುಕೊಂಡು ಕೂತಿದ್ದಳು. ನಾಲ್ಕನೇ ಸಲ ಗಟ್ಟಿಯಾಗಿ ನಿಂತರು. ಹಾಗೆ ನಿಂತವರು ಒಂದು ಬೆಳಿಗ್ಗೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಉಳಿದದ್ದು ನಲವತ್ತೊಂದು ದಿನ.

ಅಮ್ಮನಿಗೆ ನೆಗಡಿಯಾದರೆ ಒಂದು ಮುಚ್ಚಳ ಬ್ರಾಂದಿ ಬೇಕು, ಅವಳ ಮೇಲೆ ಅವಳಿಗೇ ನಂಬಿಕೆ ಇರಲಿಲ್ಲ. "ಒಂದ್ಸಲನಾರ ಚರ್ಚಲ್ಲಿ ಅವ್ರೆಸ್ರು ಓದ್ಲಿ ಕಣವ್ವ. ನಿಂಗೇನ್ ಕಷ್ಟ, ನೀನೇನ್ ಕುಡಿಯೋಳಾ?" ಅಂದಳು. ಬ್ಲೌಸ್ ಹೊಲಿದುಕೊಂಡಿರುವ ನಾನು ಬಾಟಲಿಯ ಮೂತಿಯನ್ನೂ ನೋಡಿದವಳಲ್ಲ. ಧಾರಾಳವಾಗಿ ಒಪ್ಪಿಕೊಂಡೆ.

ಮೂರನೇ ದಿನ ಸಂಜೆ ಆರೂವರೆಗೆ ನಾಲಿಗೆಯ ಬುಡ ಒಣಗಿತು. ಎರಡು ಚೊಂಬು ನೀರು ಕುಡಿದರೂ ದಾಹ ತೀರಲಿಲ್ಲ. ಮರುದಿನವೂ ಅದೇ ಹೊತ್ತು, ಅದರ ಮರುದಿನವೂ ಅದೇ ಹೊತ್ತು. ಒಂದು ಸಂಜೆ ಮಜ್ಜಿಗೆ ಲೋಟ ಕೈಗೆತ್ತಿಕೊಂಡು, ಬೆರಳು ಅದ್ದಿ, ನೆಲಕ್ಕೆ ಒಂದು ಹನಿ ಚಿಮುಕಿಸಿದೆ. ಕುಡಿಯುವ ಮುಂಚೆ ಅಪ್ಪ ಹಾಗೆ ಮಾಡುತ್ತಿದ್ದರು. ನಾನು ಬೇಕೆಂದು ಮಾಡಿದ್ದಲ್ಲ. ಅಮ್ಮ ನನ್ನ ಕೈಯನ್ನೇ ನೋಡಿದಳು. ಬಟ್ಟೆ ತಂದು ಆ ಹನಿಯನ್ನು ಒರೆಸಿದಳು, ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ನನಗೆ ಭಯವಾಯಿತು.

ಇನ್ನೊಂದು ವಾರವಿದ್ದಾಗ, ಪಿರಿಯಾಪಟ್ಟಣದಿಂದ ಲೈನಿಂಗ್ ಬಟ್ಟೆ ತಂದು ಬಸ್ಸಿಳಿದು ಮನೆಗೆ ನಡೆಯುತ್ತಿದ್ದೆ. ನೋಡಿದರೆ ಬ್ರಾಂದಿ ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದೆ. ಅಲ್ಲೊಂದು ಬಾಗಿಲಿರುವುದೇ ನನಗೆ ಗೊತ್ತಿರಲಿಲ್ಲ. ಅಂಗಡಿಯವನು ತಲೆಯೆತ್ತದೆ ಒಂದು ಲೋಟಕ್ಕೆ ಬಗ್ಗಿಸಿ, ಪಕ್ಕದಲ್ಲಿ ಮೆಣಸುಪುಡಿ ಹಾಕಿದ ಬೇಯಿಸಿದ ಮೊಟ್ಟೆ ಇಟ್ಟ. ಆಮೇಲೆ ನನ್ನ ಮುಖ ನೋಡಿ ಬಿಳಿಚಿಕೊಂಡ.

"ಎಜ್ಜೆ ಸದ್ದು ನಿಮ್ಮಪ್ಪುಂದೇ ಅನ್ನುಸ್ತು ಕಣವ್ವ. ಅವ್ರಿಲ್ಲ ಅನ್ನೋದೇ ಮರ್ತೋಯ್ತು," ಅಂದ.

ಲೋಟ ಆಗಲೇ ನನ್ನ ಕೈಯಲ್ಲಿತ್ತು. ಆ ವಾಸನೆ ನನಗೆ ಹೊಸದು ಅನ್ನಿಸಲೇ ಇಲ್ಲ. ತುಟಿಯ ಹತ್ತಿರ ಬಂದಾಗ ಸಿಟ್ಟು ನೆತ್ತಿಗೇರಿತು. ಮೂರು ಸಲ ಅಮ್ಮನ ತಲೆ ತಗ್ಗಿಸಿದ್ದು ಸಾಲದೆ, ಸತ್ತ ಮೇಲೆ ನನ್ನ ಕೈಯಿಂದ ನಾಲ್ಕನೇ ಸಲವೂ ಮಾಡಿಸುತ್ತೀರಾ ಎಂದು ಅಪ್ಪನನ್ನು ಬಾಯಿಬಿಟ್ಟೇ ಬೈದೆ. ಲೋಟ ಕೆಳಗಿಟ್ಟು ಮೊಟ್ಟೆ ಮಾತ್ರ ತಿಂದೆ. ಆಣೆಯಲ್ಲಿ ಮೊಟ್ಟೆಯ ಮಾತಿರಲಿಲ್ಲ.

ಹಬ್ಬದ ಸಂಜೆ ಫಾದರ್ ಅಪ್ಪನ ಹೆಸರು ಓದಿದರು. ಅಮ್ಮ ಸೆರಗು ಸರಿಸಿ, ಎಲ್ಲರಿಗೂ ಕಾಣುವ ಹಾಗೆ ಅತ್ತಳು. "ಮುಗೀತು ಬುಡವ್ವ," ಎಂದು ನನ್ನ ಕೈ ಹಿಡಿದುಕೊಂಡಳು. ನಾನೂ ಮುಗಿಯಿತೆಂದೇ ನಂಬಿ ಉಸಿರು ಬಿಟ್ಟೆ. ಆಗ ಆರೂವರೆ. ನಾಲಿಗೆಯ ಬುಡ ಒಣಗಿತು.

ಹೊಸದಾಗಿ ಆಣೆ ಮಾಡುವವರು ಬನ್ನಿ ಎಂದು ಫಾದರ್ ಕರೆದರು. ನಾನು ಅಮ್ಮನ ಕೈ ಬಿಡಿಸಿಕೊಂಡು ಎದ್ದೆ. ಹಿಂದಿನಿಂದ ಯಾರೋ ನಕ್ಕರು. ಗಂಡಸರ ಸಾಲಿನ ತುದಿಯಲ್ಲಿ ಕೂತಿದ್ದ ಮುದುಕರೊಬ್ಬರು ಮಾತ್ರ ನಗಲಿಲ್ಲ, ಎದ್ದು ನನಗಿಂತ ಮುಂಚೆ ಶಿಲುಬೆಯ ಮುಂದೆ ಹೋಗಿ ನಿಂತರು. ಪ್ರತಿ ವರ್ಷ ತಪ್ಪದೆ ಆಣೆ ಮಾಡುವವರು ಅವರು. ಹಳೇ ಕುಡುಕರಿರಬೇಕು ಅಂದುಕೊಂಡಿದ್ದೆ.

"ನಾನೂ ಕುಡ್ದೋನಲ್ಲ ಕಣವ್ವ," ಅಂದರು ಮೆಲ್ಲಗೆ. "ನಮ್ಮಣ್ಣಂದು ಒಂಬತ್ ದಿನ ಒತ್ಕೊಂಡಿದ್ದೆ. ಆವಾಗಿನ್ನೂ ನಂಗೆ ಮದ್ವೆ ಆಗಿರ್ಲಿಲ್ಲ."

"ಎಷ್ಟು ದಿನಕ್ಕೆ ಬಿಡ್ತು?" ಎಂದು ಕೇಳಿದೆ.

ಅವರು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.