ಸಾವಿನ ಕುಣಿತದಲ್ಲಿ ಉಷಾ ಆಂಟಿ

ನಾಗವೇಣಿಗೆ ಸಿಟ್ಟು ಬರೋದೇ ಅಪರೂಪ. ಬಂದರೆ ಮಾತ್ರ ಸುಲಭಕ್ಕೆ ಇಳಿಯೋದಲ್ಲ. ಆಸ್ಟ್ರೇಲಿಯಾದ ಪರ್ತ್ ಊರಿನ ಥಾರ್ನ್ಲಿಯಲ್ಲಿ ಮನೆ, ಚೈಲ್ಡ್‌ಕೇರ್‌ನಲ್ಲಿ ಕೆಲಸ, ಒಬ್ಬಳೇ ಮಗಳು ಪ್ರಣತಿ. ಹೋದ ವರ್ಷ ಗಂಡ ರಮಾಕಾಂತ್ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ. ಆ ದುಃಖವನ್ನು ಹೇಗೋ ನುಂಗಿಕೊಂಡಳು. ನುಂಗೋಕಾಗದೆ ಉಳಿದದ್ದು ಉಷಾ ಆಂಟಿ ಮಾಡಿದ್ದು.

ಅಲ್ಲೇ ಹತ್ತಿರದ ವಿಲೆಟನ್‌ನ ಉಷಾ ಆಂಟಿ ಮನೆ ವರಮಹಾಲಕ್ಷ್ಮಿ ಪೂಜೆಗೆ ಕನ್ನಡದ ಹೆಂಗಸರೆಲ್ಲ ಸೇರುತ್ತಾರೆ. ಅಲಂಕಾರಕ್ಕೆ ಮಾತ್ರ ನಾಗವೇಣಿಯೇ ಆಗಬೇಕು. ಈ ಸಲವೂ ಬೆಳಗ್ಗೆಯಿಂದ ಮಂಟಪ ಕಟ್ಟಿ, ರಂಗೋಲಿ ಹಾಕಿ ಅವಳ ಸೊಂಟ ಬಿದ್ದುಹೋಗಿತ್ತು. ಸಂಜೆ ಅರಿಶಿನ ಕುಂಕುಮ ಕೊಡುತ್ತಾ ಬಂದ ಆಂಟಿ ಇವಳನ್ನು ದಾಟಿ, ಪಕ್ಕದವಳ ಹಣೆಗೆ ಕುಂಕುಮ ಇಟ್ಟರು. ಎಲ್ಲರೂ ನೋಡಿದರು. ಆಮೇಲೆ ಅಡುಗೆಮನೆಯಲ್ಲಿ ಬೆನ್ನು ಸವರಿ, "ನಿಂಗೇ ಮುಜುಗರ ಆಗಬಾರದಲ್ಲ ಅಂತ ಕಣೇ," ಅಂದರು. ಆಹಾ, ಏನು ಕರುಣೆ! ಮಂಟಪ ಕಟ್ಟಿಸಿಕೊಳ್ಳೋವಾಗ ಯಾವ ಮುಜುಗರವೂ ಇರಲಿಲ್ಲ.

ಶನಿವಾರ ಅವಳು ಕಮ್ಯುನಿಟಿ ಹಾಲ್‌ನ ಚಿತ್ರಕಲೆ ಕ್ಲಾಸಿಗೆ ಹೋಗುತ್ತಿದ್ದಳು. ಆ ವಾರ ಟೀಚರ್ ಯುರೋಪಿನ ಹಳೇ ಚರ್ಚ್ ಗೋಡೆಗಳ ಚಿತ್ರ ತೋರಿಸಿದರು. ಅಲ್ಲಿ ಸಾವು ಅಂದರೆ ಅಸ್ಥಿಪಂಜರ. ರಾಜ, ಬಿಷಪ್, ಸಾಹುಕಾರ, ರೈತ, ಕೂಸು, ಎಲ್ಲರ ಕೈ ಹಿಡಿದು, ಹಲ್ಲು ಕಿರಿದು, ಕುಣಿಯುತ್ತಾ ಎಳೆದೊಯ್ಯುತ್ತದೆ. ಯಾರನ್ನೂ ಬಿಡೋದಿಲ್ಲ. "ಇದನ್ನೇ ನಿಮಗೆ ಗೊತ್ತಿರೋ ಮುಖಗಳನ್ನಿಟ್ಟು ಬಿಡಿಸಿ," ಅಂದರು ಟೀಚರ್. ನಾಗವೇಣಿ ಮುಖ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಲಿಲ್ಲ.

ಬಿಡಿಸಿದಳು ನೋಡಿ! ರಾಜ, ಬಿಷಪ್, ಅವರ ಹಿಂದೆ ರೇಷ್ಮೆ ಸೀರೆಯ ಉಷಾ ಆಂಟಿ. ಅದೇ ವಜ್ರದ ಮೂಗುತಿ, ಅದೇ ಗತ್ತು. ಬಲಗೈಯನ್ನು ಅಸ್ಥಿಪಂಜರ ಜಗ್ಗುತ್ತಿದೆ. ಪ್ರಣತಿ ನೋಡಿ, "ಅಮ್ಮಾ, ದಟ್ಸ್ ಸ್ಯಾವೇಜ್," ಅಂದಳು. "ಆಗಲಿ ಬಿಡು," ಅಂದ ನಾಗವೇಣಿ, ಕ್ಲಾಸಿನವರು ಹಾಲ್‌ನಲ್ಲಿ ಇಟ್ಟಿದ್ದ ಚಿತ್ರಪ್ರದರ್ಶನದ ಇನ್ವಿಟೇಷನ್ನನ್ನು ಹೆಂಗಸರ ವಾಟ್ಸಾಪ್ ಗ್ರೂಪಿಗೇ ಹಾಕಿದಳು.

ಎಲ್ಲರೂ ಬಂದರು, ಆಂಟಿಯೂ ಬಂದರು. ಚಿತ್ರದ ಮುಂದೆ ಗುಸುಗುಸು, ಮುಸಿಮುಸಿ ನಗು. ಆಂಟಿಯ ಮುಖ ಬಿಳಿಚಿಕೊಂಡಿತು. ನಾಗವೇಣಿಗೆ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಬೇಕು?

"ನಾನು ಸಾಯ್ಲಿ ಅಂತಾನೇನೇ ನಿನ್ನ ಆಸೆ?" ಆಂಟಿ ಇವಳತ್ತ ತಿರುಗಿದರು.

"ನನ್ನ ಆಸೆ ಏನು ಬಂತು ಆಂಟಿ? ಸಾವು ಎಲ್ಲರನ್ನೂ ಕರೆಯುತ್ತೆ."

ಆಂಟಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಚಿತ್ರದಲ್ಲಿ ಅವರ ಎಡಗೈ ಹಿಡಿದಿದ್ದದ್ದು ಅಸ್ಥಿಪಂಜರವಲ್ಲ. ಬರಿಹಣೆಯ ಒಬ್ಬ ಹೆಂಗಸು.

"ಇದು ಯಾರೇ?"

"ನಾನೇ."

"ನಿನ್ನ ಹಿಡಿತದಿಂದಾದ್ರೂ ನನ್ನ ಕೈ ಬಿಡಿಸಿಬಿಡೇ ನಾಗು," ಆಂಟಿ ಪಿಸುಗುಟ್ಟಿದರು. "ನಿನ್ನ ದಮ್ಮಯ್ಯ."

"ಆಗಲ್ಲ ಆಂಟಿ," ಅಂದಳು ನಾಗವೇಣಿ, ಎಲ್ಲರಿಗೂ ಕೇಳೋ ಹಾಗೆ. "ಈ ಸಾಲಲ್ಲಿ ನನ್ನನ್ನ ದಾಟಿ ಹೋಗೋಕೆ ನಿಮಗೆ ದಾರಿ ಇಲ್ಲ."