ಗಲಗಲಿಯ ಫಿಯಾಟ್ ಮತ್ತು ಕಾಕಂಬಿಯ ಪಟ್ಟಿ

ಜಮಖಂಡಿಯ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರಾಗಿರುವ ಶಿವಯೋಗಿಯವರಿಗೆ ಹಳೆಯ ಕಾರುಗಳ ಹುಚ್ಚು. ತಮ್ಮದೆಂದು ಇರುವುದು ಎರಡೇ. ಆದರೆ ಮುಧೋಳದಿಂದ ಬನಹಟ್ಟಿಯವರೆಗೆ ಯಾರಿಗೇ ಹಳೆಯ ಗಾಡಿಯ ಬೆಲೆ ತಿಳಿಯಬೇಕಿದ್ದರೂ ಅವರನ್ನೇ ಕರೆಯುತ್ತಾರೆ. ಅವರು ಹಣ ಪಡೆಯುವುದಿಲ್ಲ, ಕಥೆಗಳನ್ನು ನಂಬುವುದೂ ಇಲ್ಲ. ಇದು ಅರಮನೆಯ ಕಾರು ಎಂದವರಿಗೆ, "ಕಾಗದ ತೋರಸ್ರಿ" ಎನ್ನುತ್ತಾರೆ.

ಕಳೆದ ಚಳಿಗಾಲದಲ್ಲಿ ಗಲಗಲಿಯ ಸಾವಿತ್ರೆವ್ವ ಕರೆಸಿದರು. ತೀರಿಹೋದ ಗಂಡನ ೧೯೫೮ರ ಫಿಯಾಟ್ ಮಾರಾಟಕ್ಕಿತ್ತು. ಆದರೆ ಆಕೆಗೆ ಬೆಲೆಗಿಂತ ಬೇರೊಂದು ಬೇಕಿತ್ತು. ಅಣ್ಣತಮ್ಮಂದಿರ ಪಾಲಾಗುವ ಮೊದಲೇ ತಮ್ಮನು ಕಾರಿನ ಮೂಲ ಎಂಜಿನ್ನನ್ನು ಗುಟ್ಟಾಗಿ ಮಾರಿ ಬೇರೆಯದನ್ನು ಕೂರಿಸಿದ್ದಾನೆಂದು ಆಕೆಯ ಭಾವ, ಗಂಡನ ಅಣ್ಣ ಅಣ್ಣಾಸಾಹೇಬರು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದರು.

"ನಮ್ಮ ಮನಿಯವರು ಕಳ್ಳರೋ ಅಲ್ಲೋ, ಅದನ್ನ ಹೇಳ್ರಿ."

ನೋಂದಣಿ ಪುಸ್ತಕದ ಸಂಖ್ಯೆಯೇ ಎಂಜಿನ್ನಿನ ಮೇಲೂ ಇದ್ದರೆ ಆರೋಪ ಸುಳ್ಳು. ಆದರೆ ಕೃಷ್ಣೆಯ ನೆರೆಯಲ್ಲಿ ನೆನೆದ ಎಂಜಿನ್ನಿನ ಅಂಕಿಗಳನ್ನು ತುಕ್ಕು ಮುಚ್ಚಿತ್ತು. ಅರದಿಂದ ಉಜ್ಜಿದರೆ ಅಂಕಿಯೂ ಅಳಿಯುತ್ತದೆ. ಶಿವಯೋಗಿ ಬಾಡಗಂಡಿಯ ಸಕ್ಕರೆ ಕಾರ್ಖಾನೆಯಿಂದ ಕಾಕಂಬಿ ತಂದರು. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕವನ್ನು ನೀರಿಗೆ ಬೆರೆಸಿದರೆ, ಅದು ಕಬ್ಬಿಣವನ್ನು ಬಹುಮಟ್ಟಿಗೆ ಬಿಟ್ಟು ತುಕ್ಕನ್ನು ಮೆಲ್ಲಗೆ ಕರಗಿಸುತ್ತದೆ. ಅದರಲ್ಲಿ ಅದ್ದಿದ ಬಟ್ಟೆಯ ಪಟ್ಟಿಯನ್ನು ಕಟ್ಟಿ, ಒಣಗದಂತೆ ತೋಯಿಸುತ್ತಿರಲು ಹೇಳಿ ಹೋದರು.

ಹತ್ತು ದಿನ ಬಿಟ್ಟು ಬಂದಾಗ ಸಾವಿತ್ರೆವ್ವ ಬಾಗಿಲಲ್ಲೇ ಕೇಳಿದರು: "ಬೆಲಿ ಕಟ್ಟಾಕ ಬಂದಿದ್ರೋ, ಇರವಿ ಸಾಕಾಕ ಬಂದಿದ್ರೋ? ಊರಾಗಿನ ಇರವಿ ಎಲ್ಲಾ ನಮ್ಮ ಮನ್ಯಾಗ ಅದಾವ್ರಿ!"

ಅಣ್ಣಾಸಾಹೇಬರೂ ಬಂದಿದ್ದರು. ಶಿವಯೋಗಿ ನೋಂದಣಿ ಪುಸ್ತಕವನ್ನು ಅವರ ಕೈಗೇ ಕೊಡಿಸಿದರು. ತಾವು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಮೊದಲೇ ನೋಡಿಕೊಂಡರೆ ಬೇಕಾದ ಅಂಕಿಯೇ ಕಣ್ಣಿಗೆ ಕಾಣುತ್ತದೆಂಬುದು ಅವರಿಗೆ ಗೊತ್ತಿತ್ತು.

"ನಾ ಓದತೇನಿ, ನೀವು ಬೆರಳಿಟ್ಟ ನೋಡ್ರಿ."

ಪಟ್ಟಿ ಬಿಚ್ಚಿ ತೊಳೆದ ಕಬ್ಬಿಣದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಓದುತ್ತ ಐದನೆಯ ಅಂಕಿಯ ಬಳಿ ತಡೆದರು. ಮೂರೋ, ಎಂಟೋ?

"ಪುಸ್ತಕದಾಗ ಏನ ಐತಿ, ಹೇಳ್ಲೇನ್ರಿ?" ಎಂದರು ಅಣ್ಣಾಸಾಹೇಬರು.

"ಬ್ಯಾಡ್ರಿ! ಬಾಯಿ ಮುಚ್ಚಿಕೊಂಡ ಕುಂದರ್ರಿ, ಸಾಹೇಬರ."

ಸೀಮೆಸುಣ್ಣ ತಿಕ್ಕಿದಾಗ ಗೀರುಗಳು ಬೆಳ್ಳಗಾದವು. "ಮೂರು. ಆಮ್ಯಾಲ ಏಳು. ಹಳೇ ಅಂಕಿ ಅಳಿಸಿ ಹೊಸಾದು ಒತ್ತಿದ ಗುರುತ ಎಲ್ಲೂ ಇಲ್ಲ."

"ಬರೋಬ್ಬರಿ ಐತಿ," ಎಂದ ಅಣ್ಣಾಸಾಹೇಬರು ಬೆರಳು ತೆಗೆಯಲಿಲ್ಲ. ತೀರಿಹೋದ ತಮ್ಮನನ್ನು ನೆನೆದು ಗೊಣಗಿದರು: "ಹುಚ್ಚ! ಒಮ್ಮೆರ ಬಾಯಿ ಬಿಟ್ಟ ಹೇಳಬಾರದಿತ್ತ?"

"ಅವರು ಹೇಳಿದ್ರರಿ, ಭಾವಾರ. ನೀವು ಕೇಳಲಿಲ್ಲ." ಸಾವಿತ್ರೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೊರೆ ಇಳಿಸಿದವರ ದಣಿವಿತ್ತು.

"ಎಣ್ಣಿ ತರ್ರಿ ಯಾರರ," ಎಂದರು ಶಿವಯೋಗಿ. "ಹಿಂಗ ಬಿಟ್ರ ನಾಳೆ ಮತ್ತ ತುಕ್ಕ ಹಿಡಿತೈತಿ."

ತಮ್ಮನ ಮನೆಯೊಳಗೆ ಎಣ್ಣೆ ಹುಡುಕಿಕೊಂಡು ಹೋದವರು ಅಣ್ಣಾಸಾಹೇಬರು.