ಅಮ್ಮನ ಮಾತಿಗೆ ಮಕ್ಕಳ ಕತ್ತರಿ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ವಿಡಿಯೋ ಕತ್ತರಿಸುವ ಕೆಲಸದಿಂದ ಆ ಹೆಸರು ಬಂತೋ, ಅವಳ ನಾಲಿಗೆಯಿಂದ ಬಂತೋ ಹೇಳುವುದು ಕಷ್ಟ. ಮದುವೆ, ಅಂಗಡಿ ಉದ್ಘಾಟನೆ, ನಿವೃತ್ತಿಯ ಸನ್ಮಾನ, ಹಲ್ಲಿನ ಡಾಕ್ಟರ ಜಾಹೀರಾತು, ಹೀಗೆ ಊರಿನವರು ಕ್ಯಾಮೆರಾದ ಮುಂದೆ ಆಡಿದ ಮಾತೆಲ್ಲ ಕೊನೆಗೆ ಬಂದು ಬೀಳುತ್ತಿದ್ದದ್ದು ಅವಳ ಕಿವಿಗೆ. ಚಪ್ಪಲಿ ಅಂಗಡಿಯ ಮೇಲಿನ ಕೋಣೆ ಅದು. ಕೆಳಗಿನಿಂದ ಹೊಸ ಚರ್ಮದ, ಅಂಟಿನ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ಟು ಇಟ್ಟಿದ್ದರು. ಅದರ ಪಕ್ಕದಲ್ಲೇ ಹೆಡ್‌ಫೋನ್ ಹಾಕಿಕೊಂಡು ಅವಳು ವರ್ಷಗಟ್ಟಲೆ ಕೂತಿದ್ದಳು. ಕೇಳಿ ಕೇಳಿ ಅವಳಿಗೆ ಮನುಷ್ಯರ ಮೇಲೆ ಒಂದು ತಾತ್ಸಾರ ಹುಟ್ಟಿಬಿಟ್ಟಿತ್ತು.

"ಮನುಷ್ಯ ಒಂದು ಗಂಟೆ ಮಾತಾಡಿದ್ರೆ ಅದ್ರಲ್ಲಿ ಮಾತು ಅನ್ನೋದು ಒಂದು ಚಮಚ ಇರುತ್ತೆ ಅಷ್ಟೆ. ಉಳಿದದ್ದೆಲ್ಲ ನೊರೆ," ಎಂದು ಮನೆಯಲ್ಲಿ ಅಕ್ಕನಿಗೆ ಹೇಳುತ್ತಿದ್ದಳು.

"ನಿನ್ನ ಮಾತಲ್ಲಿ ಎಷ್ಟು ಚಮಚ ಇದೆ ಅಂತ ನಾನೂ ಅಳೀತಾನೇ ಇದೀನಿ," ಎನ್ನುತ್ತಿದ್ದಳು ಅಕ್ಕ. ಗಂಡ ತೀರಿಕೊಂಡ ಅಕ್ಕ, ಮದುವೆಯ ಗೊಡವೆಗೇ ಹೋಗದ ತಂಗಿ, ಇಬ್ಬರೇ ಆ ಮನೆಯಲ್ಲಿ. ಜಗಳಕ್ಕೆ ಮೂರನೆಯವರ ಅಗತ್ಯವಿರಲಿಲ್ಲ.

ಸ್ಟುಡಿಯೋದ ಯಜಮಾನನಿಗೆ ಹೊಸದು ಅಂದರೆ ಪ್ರಾಣ. ಹೊಸ ಯಂತ್ರ ಬಂದಾಗಲೆಲ್ಲ, "ಇನ್ಮೇಲೆ ನೋಡು ನಮ್ಮ ಆಟ" ಎನ್ನುತ್ತಿದ್ದ. ಆಟ ಮಾತ್ರ ಹಳೆಯದೇ ಇರುತ್ತಿತ್ತು. ಒಂದು ದಿನ ಅವನು ಕಂಪ್ಯೂಟರಿಗೆ ಎಐ ಸಾಫ್ಟ್‌ವೇರ್ ಒಂದನ್ನು ಹಾಕಿಸಿದ. ವಿಡಿಯೋದಲ್ಲಿ ಯಾರು ಏನು ಮಾತಾಡಿದರೂ ಅದು ತಾನೇ ಕೇಳಿ, ತಾನೇ ಅಕ್ಷರಕ್ಕಿಳಿಸಿ, ಪುಟದಂತೆ ಪರದೆಯ ಮೇಲೆ ಹರವುತ್ತಿತ್ತು. ಆ ಪುಟದಲ್ಲಿ ಒಂದು ಪದ ಅಳಿಸಿದರೆ ವಿಡಿಯೋದಲ್ಲೂ ಆ ಮಾತು, ಆ ಚಿತ್ರ ಎರಡೂ ಮಾಯ. ಸಾಲನ್ನು ಎತ್ತಿ ಮೇಲೆ ಹಾಕಿದರೆ ಮನುಷ್ಯ ಅದನ್ನೇ ಮೊದಲು ಹೇಳುತ್ತಿದ್ದ.

ಕತ್ತರಿ ಮೊದಲು ಮೂಗು ಮುರಿದಳು. ಮುರಿಯಲು ಕಾರಣವೂ ಇತ್ತು. ಆ ಸಾಫ್ಟ್‌ವೇರಿನ ಕಿವಿ ಅಷ್ಟಕ್ಕಷ್ಟೆ. ಆದರೆ ವಾರ ಕಳೆಯುವುದರೊಳಗೆ ಅವಳು ಒಳಗೊಳಗೇ ಸೋತಳು. ಹಿಂದೆ ಭಾಷಣದಲ್ಲಿ ಒಂದು ವಾಕ್ಯ ಹುಡುಕಬೇಕಾದರೆ ಇಡೀ ಭಾಷಣವನ್ನು ಮತ್ತೆ ಸಹಿಸಬೇಕಿತ್ತು. ಈಗ ಕಣ್ಣಾಡಿಸಿದರೆ ಸಾಕು. 'ಅಂದ್ರೆ', 'ಅದೇ', 'ಏನಪ್ಪಾ ಅಂದ್ರೆ'ಗಳನ್ನೆಲ್ಲ ಸೊಪ್ಪು ಬಿಡಿಸಿದಂತೆ ಬಿಡಿಸಿ ಎಸೆಯಬಹುದು. ಇಡೀ ದಿನದ ಕೆಲಸ ಊಟದ ಹೊತ್ತಿಗೆ ಮುಗಿಯತೊಡಗಿತು. ಹೊಗಳಿದರೆ ಯಜಮಾನ ತಲೆಯ ಮೇಲೆ ಕೂರುತ್ತಾನೆಂದು ಅವಳು ಬಾಯಿ ಬಿಡಲಿಲ್ಲ ಅಷ್ಟೆ.

ಆಗ ಬಂತು ಲಾಂಡ್ರಿಯವರ ಕೆಲಸ.

ಊರಲ್ಲಿ ಆ ಲಾಂಡ್ರಿಯನ್ನು ಅರಿಯದವರಿಲ್ಲ. ಒಬ್ಬ ಹೆಂಗಸು ಒಂದು ತೊಟ್ಟಿ, ಒಂದು ಇದ್ದಿಲ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಶುರುಮಾಡಿದ ಅಂಗಡಿ ಅದು. ಈಗ ಇಬ್ಬರು ಗಂಡುಮಕ್ಕಳ ಕೈಯಲ್ಲಿ ಬೆಳೆದು, ಗಾಜಿನ ಬಾಗಿಲಿನ ದೊಡ್ಡ ಶಾಖೆ ತೆರೆಯುವುದರಲ್ಲಿತ್ತು. ಆ ದಿನ ಬಂದವರಿಗೆಲ್ಲ ತೋರಿಸಲು ಅಮ್ಮನ ಬದುಕಿನ ಮೇಲೊಂದು ವಿಡಿಯೋ ಬೇಕೆಂದು ಮಕ್ಕಳು ಬಂದಿದ್ದರು. ಅಮ್ಮ ಅಂದರೆ ಆ ಹೆಂಗಸೇ. ಊರಿಗೆಲ್ಲ ಅವಳು ಅಮ್ಮ. ವಯಸ್ಸಾಗಿತ್ತು, ಬೆನ್ನು ಬಾಗಿತ್ತು, ಬಾಯಿ ಮಾತ್ರ ನೆಟ್ಟಗಿತ್ತು. ಕ್ಯಾಮೆರಾ ಇಟ್ಟದ್ದೇ ತಡ, ಅವಳು ಒಗೆಯಲು ಕೂತಳು. ಬಟ್ಟೆಯನ್ನಲ್ಲ, ಮನೆಮಂದಿಯನ್ನು.

ಸಾಫ್ಟ್‌ವೇರು ಅದನ್ನೆಲ್ಲ ಬರೆದುಕೊಂಡಿತು. ಇಸ್ತ್ರಿ ಎಂದಲ್ಲೆಲ್ಲ ಸ್ತ್ರೀ ಎಂದು ಬರೆದಿತ್ತು. "ಸ್ತ್ರೀ ಬಿಸಿ ಆಗ್ಬೇಕು ಅಂದ್ರೆ ಇದ್ದಿಲು ಹಾಕ್ಬೇಕು, ಊದ್ಬೇಕು, ಬೂದಿ ಹಾರಿಸ್ಬೇಕು" ಎಂಬ ಸಾಲನ್ನು ಓದಿ ಕತ್ತರಿ ಒಬ್ಬಳೇ ಬಿದ್ದು ಬಿದ್ದು ನಕ್ಕಳು. ಮುಂದಿನ ಸಾಲುಗಳಲ್ಲಿ ನಗು ನಿಂತಿತು. ಇದು ನೊರೆಯಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ, ಅಳಿಸಲು ಏನೂ ಸಿಗದ ಪುಟವೊಂದು ಅವಳ ಮುಂದಿತ್ತು.

"ದೊಡ್ಡ ಮಗ ಅಂಗಡಿ ಕಡೆ ತಲೆ ಹಾಕಿಯೂ ಮಲಗ್ತಿರ್ಲಿಲ್ಲ. ಸ್ಕೂಲಿನ ಸ್ನೇಹಿತರ ಜೊತೆ ಬರ್ತಾ ನನ್ನ ಕಂಡ್ರೆ ಗಲ್ಲಿ ಬದಲಾಯಿಸ್ತಿದ್ದ," ಎಂದಿದ್ದಳು ಅಮ್ಮ. "ಚಿಕ್ಕವನು ಮದುವೆ ಗಂಡಿನ ಕೋಟು ಸುಟ್ಟು ಹಾಕಿ, ಇಸ್ತ್ರಿ ಮಾಡೋ ಮುದುಕನ ಮೇಲೆ ಹೇಳಿದ. ನಂಗೆ ಗೊತ್ತಿತ್ತು. ಆದ್ರೂ ಮುದುಕನ್ನೇ ಕಳಿಸ್ದೆ. ಮಗ ನೋಡಿ, ಏನು ಮಾಡ್ಲಿ." ಗಂಡನ ಬಗ್ಗೆ, "ಅವ್ರು ತುಂಬ ಒಳ್ಳೆಯವ್ರು. ಕೆಲ್ಸಕ್ಕೆ ಬರ್ತಿರ್ಲಿಲ್ಲ ಅಷ್ಟೆ." ಮಗಳ ಬಗ್ಗೆ, "ಅವಳೊಬ್ಳೇ ನನ್ನ ಮಾತು ಕೇಳ್ಲಿಲ್ಲ, ಅದಕ್ಕೇ ಸುಖವಾಗಿದಾಳೆ." ಕೊನೆಗೆ ಅಂಗೈ ಎರಡನ್ನೂ ಕ್ಯಾಮೆರಾಕ್ಕೆ ಹಿಡಿದು, "ನನ್ನ ಈ ಎರಡು ಕೈ ಇಲ್ದಿದ್ರೆ ಈ ಅಂಗಡಿ ಇರ್ತಿರ್ಲಿಲ್ಲ," ಎಂದಿದ್ದಳು.

ಕತ್ತರಿ ಕೆಮ್ಮುಗಳನ್ನಷ್ಟೇ ತೆಗೆದು ಯಜಮಾನನಿಗೆ ತೋರಿಸಿದಳು. ಅವನಿಗೆ ಅಷ್ಟರಲ್ಲಿ ಇನ್ನೊಂದು ಬುದ್ಧಿ ಹೊಳೆದಿತ್ತು.

"ನಾವ್ಯಾಕೆ ತಲೆ ಕೆಡಿಸ್ಕೋಬೇಕು? ಪುಟಾನೇ ಅವರಿಗೆ ಕಳಿಸ್ಬಿಡೋಣ. ಏನು ಬೇಡ್ವೋ ಅವರೇ ಅಳಿಸ್ಲಿ. ಕೆಲಸ ಇನ್ನೂ ಬೇಗ ಆಗುತ್ತೆ."

"ಸಾರ್, ಕಳ್ಳರ ಕೈಗೇ ಬೀಗದ ಕೈ ಕೊಡ್ತಿದೀರಿ."

"ನಿನ್ನ ಬಾಯಿಗೊಂದು ಬೀಗ ಹಾಕ್ಬೇಕು ಮೊದ್ಲು," ಎಂದು ಅವನು ಕಳಿಸಿಯೇ ಬಿಟ್ಟ.

ಮರುದಿನ ಬೆಳಗ್ಗೆ ಕತ್ತರಿ ಪುಟ ತೆರೆದು ಕೂತರೆ ಅದು ಅವಳ ಕಣ್ಣೆದುರಿಗೇ ಸವೆಯತೊಡಗಿತ್ತು. ಯಾರೋ ತಮ್ಮ ಮನೆಯಲ್ಲಿ ಕೂತು ಅಳಿಸುತ್ತಿದ್ದರು, ಇಲ್ಲಿ ಸಾಲುಗಳು ಮಾಯವಾಗುತ್ತಿದ್ದವು. ಗಲ್ಲಿ ಬದಲಾಯಿಸಿದ ಕತೆಯನ್ನು ದೊಡ್ಡವನು ನುಂಗಿದ. ಕೋಟನ್ನು ಚಿಕ್ಕವನು ನುಂಗಿದ, ಅದರ ಜೊತೆಗೆ ಆ ಮುದುಕನೂ ಹೋದ. ಮಗಳ ಸಾಲನ್ನು ಅಣ್ಣತಮ್ಮಂದಿರಲ್ಲಿ ಯಾರು ತೆಗೆದರೋ, ಇಬ್ಬರಿಗೂ ಅದು ಇಷ್ಟವಾಗಿರಲಿಲ್ಲ. ಗಂಡನ ಬಗ್ಗೆ ಉಳಿದದ್ದು "ಅವ್ರು ತುಂಬ ಒಳ್ಳೆಯವ್ರು" ಅಷ್ಟೇ. ಚಿಕ್ಕ ಸೊಸೆಯಂತೂ ತನ್ನ ಹೆಸರೇ ಇಲ್ಲದ ಕಡೆಯೂ ಕೈಯಾಡಿಸಿದಳು. "ಇವತ್ತಿನ ಕಾಲದೋರಿಗೆ ಕಾಲರ್ ಉಜ್ಜೋಕೆ ಬರಲ್ಲ" ಎಂದಿದ್ದನ್ನು ತನಗೇ ಅಂದದ್ದೆಂದು ಅಳಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮಂದಿಯನ್ನು ಕತ್ತರಿ ಕಂಡಿದ್ದಳು. ಇಡೀ ಸಂಸಾರವೇ ಸಾಲಾಗಿ ನಿಂತು ಹೆಗಲು ಒರೆಸಿಕೊಳ್ಳುವುದನ್ನು ಕಂಡದ್ದು ಇದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಮಗನಿಗೆ ಇನ್ನೊಂದು ವಿದ್ಯೆ ತಿಳಿಯಿತು. ಪದಗಳನ್ನು ಅಳಿಸುವುದಷ್ಟೇ ಅಲ್ಲ, ಎತ್ತಿ ಬೇರೆಡೆ ಕೂರಿಸಲೂಬಹುದು. ಎಲ್ಲಿಂದಲೋ "ದೊಡ್ಡ ಮಗ" ಎಂಬೆರಡು ಪದ ಬಂದವು. "ನನ್ನ ಈ ಎರಡು ಕೈ" ಹೋಯಿತು. ಪುಟದ ಕೊನೆಗೆ ಹೊಸದೊಂದು ವಾಕ್ಯ ನಿಂತಿತ್ತು: "ದೊಡ್ಡ ಮಗ ಇಲ್ದಿದ್ರೆ ಈ ಅಂಗಡಿ ಇರ್ತಿರ್ಲಿಲ್ಲ."

ಸ್ವಲ್ಪ ಹೊತ್ತಿಗೆ ಅವನ ಫೋನೂ ಬಂತು. "ಕೊನೇ ಮಾತಲ್ಲಿ ಚಿತ್ರ ಸ್ವಲ್ಪ ಜಿಗಿಯಬಹುದೇನೋ ಮೇಡಂ. ಅಲ್ಲೊಂದು ಹೊಸ ಅಂಗಡಿ ಫೋಟೋ ಹಾಕಿ ಮುಚ್ಚಿಬಿಡಿ."

"ಸಾರ್, ಅಮ್ಮ ಈ ಮಾತು ಹೇಳಿಲ್ಲ."

"ಹೇಳಿದ್ದೇ ಅಲ್ವಾ? ಒಂದೊಂದು ಪದಾನೂ ಅವರದ್ದೇ."

ಕತ್ತರಿ ಫೋನಿಟ್ಟಳು. ಯಜಮಾನನ ಬಳಿ ಹೋದರೆ ಅವನು, "ಅವರಮ್ಮ, ಅವರ ಮಾತು. ನಿನ್ನ ಗಂಟೇನು ಹೋಯ್ತು?" ಎಂದ. ಅವಳು ಹೆಡ್‌ಫೋನ್ ಹಾಕಿಕೊಂಡು ಆ ವಾಕ್ಯವನ್ನು ಕೇಳಿದಳು. ಪುಟದಲ್ಲಿ ಓದಿದರೆ ಹೊಗಳಿಕೆ. ಕೇಳಿದರೆ ಬೇರೆಯೇ. "ದೊಡ್ಡ ಮಗ" ಎನ್ನುವಾಗ ಅಮ್ಮನ ಗಂಟಲಲ್ಲಿ, ಹಾಲಿಗೆ ಬಿದ್ದ ನೊಣವನ್ನು ಬೆರಳಲ್ಲಿ ಎತ್ತಿ ಎಸೆಯುವವರ ತಾತ್ಸಾರವಿತ್ತು. ಅಕ್ಷರಕ್ಕೆ ಆ ದನಿ ಅಂಟಿರಲಿಲ್ಲ. ಮಕ್ಕಳು ಯಾರೂ ಕೇಳಿರಲಿಲ್ಲ, ಓದಿದ್ದರಷ್ಟೆ.

ಕತ್ತರಿ ಎರಡೂ ವಿಡಿಯೋಗಳನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿ, ಅದನ್ನು ಚೀಲಕ್ಕೆ ಹಾಕಿಕೊಂಡು ನೇರ ಹಳೆಯ ಅಂಗಡಿಗೆ ನಡೆದಳು. ಹಿಂಭಾಗದ ಕೋಣೆಯಲ್ಲಿ ಯಂತ್ರಗಳು ಗಿರಗಿರ ತಿರುಗುತ್ತಿದ್ದವು. ಅಮ್ಮ ಮಣೆಯ ಮೇಲೆ ಕೂತು ಬಿಳಿ ಬೇರೆ, ಬಣ್ಣ ಬೇರೆ ಮಾಡುತ್ತ, ಒಂದೊಂದು ಜೇಬಿಗೂ ಕೈ ಹಾಕಿ ನೋಡುತ್ತಿದ್ದಳು. ಕತ್ತರಿ ಮೊದಲಿನ ವಿಡಿಯೋ ತೋರಿಸಿದಳು, ಆಮೇಲೆ ಮಕ್ಕಳು ತಿದ್ದಿದ್ದನ್ನು ತೋರಿಸಿದಳು. ಅಮ್ಮ ಕಣ್ಣು ಕೀಳದೆ ನೋಡಿದಳು.

"ನನ್ನ ಬಾಯಲ್ಲಿ ಅವರೇ ಮಾತಾಡಿಬಿಟ್ರಾ?"

"ಹೂಂ ಅಮ್ಮ. ನೀವು ಬೇಡ ಅಂದ್ರೆ ತೆಗೆದುಬಿಡ್ತೀನಿ. ಯಾರು ಏನಾದ್ರೂ ಅನ್ನಲಿ."

ಅಮ್ಮ ಒಂದು ಅಂಗಿಯ ಕಾಲರನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಹಾಕಿದಳು. "ಇರ್ಲಿ ಬಿಡು ಮಗಳೇ. ಹಾಗೇ ಹಾಕು."

ಕತ್ತರಿಗೆ ರೇಗಿತು. ಇಷ್ಟು ಖಾರವಾಗಿ ಮಾತಾಡಿದ ಮುದುಕಿಯೂ ಮಗ ಅಂದೊಡನೆ ಬೆಣ್ಣೆಯಾಗಿ ಕರಗಿತಲ್ಲ ಎಂದುಕೊಂಡು, ಆ ಜಿಗಿತದ ಮೇಲೆ ಹೊಸ ಅಂಗಡಿಯ ಫೋಟೋ ಹಾಕಿ ಕೆಲಸ ಮುಗಿಸಿ ಕೈ ತೊಳೆದುಕೊಂಡಳು.

ಹೊಸ ಶಾಖೆಯ ಗಾಜಿನ ಬಾಗಿಲು ತೆರೆದ ದಿನ ಒಳಗೆ ಕುರ್ಚಿಗಳ ಸಾಲು, ಗೋಡೆಗೆ ದೊಡ್ಡ ಪರದೆ. ನೆಂಟರು, ಹೋಟೆಲಿನವರು, ಆಸ್ಪತ್ರೆಯವರು, ಹಳೆಯ ಗಿರಾಕಿಗಳು, ಎಲ್ಲರೂ ಬಂದಿದ್ದರು. ಅಮ್ಮನನ್ನು ಮುಂದಿನ ಸಾಲಲ್ಲಿ ಗೊಂಬೆಯಂತೆ ಕೂರಿಸಿದ್ದರು. ಕತ್ತರಿ ಹಿಂದೆ ಲ್ಯಾಪ್‌ಟಾಪಿನ ಬಳಿ ನಿಂತಿದ್ದಳು.

ವಿಡಿಯೋ ಓಡಿತು. ಪರದೆಯ ಮೇಲಿನ ಅಮ್ಮ ಯಾರ ಮೇಲೂ ದೂರಿಲ್ಲದ, ಯಾರ ನೆನಪೂ ಇಲ್ಲದ, ಸೋಪಿನ ಜಾಹೀರಾತಿನಂಥ ಹೆಂಗಸಾಗಿದ್ದಳು. ಕೊನೆಯ ವಾಕ್ಯ ಬಂತು. ಅಷ್ಟರಲ್ಲಿ ಕತ್ತರಿ ಒಂದು ವಿಚಿತ್ರ ಕಂಡಳು. ದೊಡ್ಡ ಮಗ ಅಳುತ್ತಿದ್ದ. ನಾಟಕವಲ್ಲ, ನಿಜವಾಗಿ. ಕನ್ನಡಕ ತೆಗೆದು ಕರವಸ್ತ್ರದಿಂದ ಕಣ್ಣೊತ್ತಿಕೊಂಡು, ಭುಜ ಕುಲುಕುತ್ತ ಅಳುತ್ತಿದ್ದ. ತಾನೇ ಒಂದೊಂದು ಪದ ಹೆಕ್ಕಿ, ತಾನೇ ಪೋಣಿಸಿ, ತಾನೇ ಹೊಲಿಗೆ ಮುಚ್ಚಿಸಿದ ಹೊಗಳಿಕೆಗೆ ತಾನೇ ಕರಗಿಹೋಗಿದ್ದ. ಇಷ್ಟು ವರ್ಷ ಸುಳ್ಳರನ್ನು ಕಂಡಿದ್ದ ಕತ್ತರಿಗೂ ಇದು ಹೊಸದು.

ಚಪ್ಪಾಳೆಯಾಯಿತು. ಯಾರೋ ಅಮ್ಮನ ಕೈಗೆ ಮೈಕು ಕೊಟ್ಟು ಎರಡು ಮಾತಾಡಿ ಎಂದರು. ಅಮ್ಮ ಎದ್ದಳು, ಜನರ ಕಡೆ ತಿರುಗಲಿಲ್ಲ, ಮಗನ ಕಡೆ ತಿರುಗಿದಳು.

"ಅಳಬೇಡವೋ," ಎಂದಳು. "ಅದನ್ನ ನಾನು ಅಂದಿಲ್ಲ. ನೀನೇ ಅಂದ್ಕೊಂಡಿದ್ದು."

ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ನಗು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹಬ್ಬಿತು. ಅಮ್ಮ ನಗಲಿಲ್ಲ. ಗಲ್ಲಿ ಬದಲಾಯಿಸಿದ್ದನ್ನು ಹೇಳಿದಳು, ಕೋಟನ್ನು ಹೇಳಿದಳು. "ಆ ಮುದುಕನ ಅನ್ನ ಕಿತ್ಕೊಂಡವಳು ನಾನೇ," ಎಂದಾಗ ನಗು ತಟ್ಟನೆ ನಿಂತಿತು. ಚಿಕ್ಕ ಸೊಸೆ ಮೈಕಿನ ವೈರು ಎಲ್ಲಿದೆ ಎಂದು ಹುಡುಕಿದಳು. ಮೈಕಿಗೆ ವೈರಿರಲಿಲ್ಲ.

ಕತ್ತರಿ ಗೋಡೆಗೆ ಒರಗಿ ನಿಂತು ಕೇಳಿದಳು. ಬೆಣ್ಣೆ ಎಂದುಕೊಂಡದ್ದಕ್ಕೆ ತನ್ನ ಮೇಲೇ ಒಂದಿಷ್ಟು ತಾತ್ಸಾರವಾಯಿತು.

ಮರುದಿನ ಯಜಮಾನ ಕೆಂಡ ಉಗುಳಿದ. "ಅಮ್ಮನಿಗೆ ಮೊದ್ಲೇ ತೋರಿಸಿದ್ದು ಯಾರು?"

"ನಾನೇ. ಮಾತು ಅವರದ್ದಲ್ವಾ?"

"ಹಾಗಾದ್ರೆ ಅವರ ಹತ್ರಾನೇ ಹೋಗಿ ಬಟ್ಟೆ ಒಗಿ."

"ಇಲ್ಲಿಗಿಂತ ಅಲ್ಲಿ ಕೊಳೆ ಕಮ್ಮಿ ಸಾರ್," ಎಂದು ಅವಳು ತನ್ನ ಹೆಡ್‌ಫೋನ್ ಜೊತೆಗೆ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಮೆಟ್ಟಿಲಿಳಿದಳು. ಮನೆಯಲ್ಲಿ ಅಕ್ಕ ಒಂದು ವಾರ ಬೈದಳು, ಬೈಯುತ್ತಲೇ ತಂಗಿ ತನ್ನದೇ ಕೆಲಸ ಶುರುಮಾಡಲು ಬೀದಿ ಕಡೆಯ ಕೋಣೆ ಖಾಲಿ ಮಾಡಿಕೊಟ್ಟಳು.

ಅಲ್ಲಿಗೆ ಬಂದ ಮೊದಲ ಗಿರಾಕಿ ಅಮ್ಮನ ಮಗಳು. ಉದ್ಘಾಟನೆಗೆ ಅವಳನ್ನು ಕರೆದೇ ಇರಲಿಲ್ಲವಂತೆ. ಮೊದಲು ತೆಗೆದ ಪೂರ್ತಿ ಚಿತ್ರ ಬೇಕೆಂದು, ಅಮ್ಮನನ್ನೇ ಜೊತೆಗೆ ಕರೆತಂದಿದ್ದಳು. ಕತ್ತರಿ ತಾನೂ ಹಾಕಿಸಿಕೊಂಡಿದ್ದ ಅದೇ ಸಾಫ್ಟ್‌ವೇರಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಅದೇ ಪುಟವನ್ನು ಹರವಿದಳು. ಮಗಳು ಗಟ್ಟಿಯಾಗಿ ಓದಿದಳು, ಅಮ್ಮ ತಲೆಯಾಡಿಸಿದಳು. 'ಸ್ತ್ರೀ ಬಿಸಿ ಆಗ್ಬೇಕು' ಬಂದಾಗ, "ಅದೂ ಸರಿನೇ, ಹಾಗೇ ಇರ್ಲಿ," ಎಂದಳು. ಮಗಳ ಸಾಲು ಬಂದಾಗ ಓದುವವಳ ದನಿ ತಡವರಿಸಿತು, ಅಮ್ಮ ಕಿಟಕಿಯಾಚೆ ನೋಡಿದಳು. ತೆಗೆಯಲು ಹೇಳಿದ್ದು ಕೆಮ್ಮನ್ನು ಮಾತ್ರ. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಬೇಗ ಆಗುವುದರಲ್ಲಿ ತಪ್ಪೇನಿಲ್ಲ, ಯಾರ ಬಾಯಿಯ ಮಾತೋ ಅವರು ಪಕ್ಕದಲ್ಲಿದ್ದರಾಯಿತು ಎಂದು ಕತ್ತರಿ ಅಂದು ಅಕ್ಕನಿಗೆ ಹೇಳಿದಳು. ಇದರಲ್ಲಿ ಒಂದು ಚಮಚವಿದೆ ಎಂದು ಅಕ್ಕ ಒಪ್ಪಿದಳು.

ಕೆಲವು ತಿಂಗಳ ಮೇಲೆ ದೊಡ್ಡ ಮಗನ ಫೋನು ಬಂತು. ದನಿ ತಗ್ಗಿತ್ತು.

"ಮೇಡಂ, ಆ ಕೊನೇ ವಾಕ್ಯ... ನಿಮ್ಮ ಹತ್ರ ಇನ್ನೂ ಇದೆಯಾ? ಅಷ್ಟೇ ತುಂಡು ಕಳಿಸ್ತೀರಾ? ಯಾರಿಗೂ ತೋರ್ಸಲ್ಲ. ನಂಗೆ."

"ಯಾವ ವಾಕ್ಯ ಸಾರ್?" ಗೊತ್ತಿದ್ದೂ ಕೇಳಿದಳು ಅವಳು.

ಅವನು ತಗ್ಗಿದ ದನಿಯಲ್ಲೇ ಪೂರ್ತಿ ವಾಕ್ಯ ಹೇಳಿದ, ದೊಡ್ಡ ಮಗ ಎಂಬಲ್ಲಿಂದ ಇರ್ತಿರ್ಲಿಲ್ಲ ಎಂಬವರೆಗೆ. ಆ ಗಳಿಗೆಯಲ್ಲಿ ಅವಳಿಗೆ ಅಯ್ಯೋ ಅನಿಸಿತೆಂದರೆ ಅದು ಸುಳ್ಳಾಗುತ್ತದೆ. ಕಳಿಸುತ್ತೇನೆ ಎಂದಳು. ಅಂಗೈ ಎರಡನ್ನೂ ಚಾಚಿ ಅಮ್ಮ ನಿಜಕ್ಕೂ ಆಡಿದ್ದ ಮಾತನ್ನು, ಹಿಂದೊಂದು ಕೆಮ್ಮು ಮುಂದೊಂದು ಕೆಮ್ಮು ಸಹಿತ, ಕಳಿಸಿದಳು. ಅವನು ಅದನ್ನು ತೆರೆದು ನೋಡಿದ್ದು ಫೋನಿನಲ್ಲಿ ಕಾಣಿಸಿತು. ಅವಳು ಹೆಡ್‌ಫೋನ್ ಹಾಕಿಕೊಂಡು, ಹಲ್ಲಿನ ಡಾಕ್ಟರ ಹೊಸ ಜಾಹೀರಾತಿನಲ್ಲಿ 'ಏನಪ್ಪಾ ಅಂದ್ರೆ'ಗಳನ್ನು ಅಳಿಸತೊಡಗಿದಳು.